ಡೆಲಿವರಿಯೋ ಇಂಟ್ರಾಡೇಯೋ: ಬೆಳೆಗಾರನೊಬ್ಬನ ಲೆಕ್ಕ

ಕಾಫಿಗೆ ಒಳ್ಳೆಯ ಬೆಲೆ ಸಿಕ್ಕ ವರ್ಷಗಳಲ್ಲಿ ಉಳಿದ ಹಣವನ್ನು ಷೇರುಪೇಟೆಗೆ ಹಾಕಿದ ಬೆಳೆಗಾರರು ಮೂಡಿಗೆರೆಯ ಸುತ್ತಮುತ್ತ ನನ್ನ ಪರಿಚಯದಲ್ಲಿಯೇ ಹಲವರಿದ್ದಾರೆ; ನಾನೂ ಅವರಲ್ಲೊಬ್ಬ. ಷೇರು ಕೊಂಡು ವರ್ಷಗಟ್ಟಲೆ ಇಟ್ಟುಕೊಳ್ಳುವ ಡೆಲಿವರಿ ಮೇಲೋ, ಬೆಳಿಗ್ಗೆ ಕೊಂಡು ಅಂದೇ ಮಾರುವ ಇಂಟ್ರಾಡೇ ಮೇಲೋ ಎಂಬ ಚರ್ಚೆ ನಮ್ಮಲ್ಲಿ ಯಾವ ಷೇರು ಎಷ್ಟು ಏರಿತು ಎಂಬಲ್ಲಿಗೇ ಮುಗಿದುಬಿಡುತ್ತದೆ. ಎರಡನ್ನೂ ಬೇರೆ ಬೇರೆ ಟ್ರೇಡಿಂಗ್ ಖಾತೆಗಳಲ್ಲಿ, ಒಂದರ ಹಣ ಇನ್ನೊಂದಕ್ಕೆ ಬೆರೆಯದಂತೆ ನಡೆಸಿ ನೋಡಿದ ಮೇಲೆ ನನಗನ್ನಿಸಿರುವುದು ಬೇರೆ: ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಬೆಲೆಯ ಏರಿಳಿತಕ್ಕಿಂತ ಹೆಚ್ಚಾಗಿ ಖರ್ಚು, ತೆರಿಗೆ ಮತ್ತು ನಾವು ಕೊಡಬಲ್ಲ ಸಮಯ ತೀರ್ಮಾನಿಸುತ್ತವೆ.

ಖರ್ಚಿನ ವಿಷಯದಲ್ಲಿ ಮೊದಲ ನೋಟಕ್ಕೆ ಇಂಟ್ರಾಡೇಯೇ ಅಗ್ಗ. ಎಸ್‌ಟಿಟಿ ಎಂದು ಕರೆಯುವ ವಹಿವಾಟು ತೆರಿಗೆ ಡೆಲಿವರಿಯಲ್ಲಿ ಕೊಳ್ಳುವಾಗಲೂ ಮಾರುವಾಗಲೂ ಶೇ 0.1ರಷ್ಟಿದ್ದರೆ, ಇಂಟ್ರಾಡೇಯಲ್ಲಿ ಮಾರುವಾಗ ಮಾತ್ರ, ಅದೂ ಶೇ 0.025ರಷ್ಟು. ಒಂದು ಲಕ್ಷ ರೂಪಾಯಿಯ ಷೇರನ್ನು ಕೊಂಡು ಅಂದೇ ಮಾರಿದರೆ, ಆರ್ಡರಿಗೆ 20 ರೂಪಾಯಿ ಬ್ರೋಕರೇಜ್ (ದಲ್ಲಾಳಿ ಸಂಸ್ಥೆಯ ಶುಲ್ಕ) ಎಂದು ಹಿಡಿದು, ಅದರ ಮೇಲಿನ ಶೇ 18ರ ಜಿಎಸ್‌ಟಿ, ಸ್ಟಾಂಪ್ ಶುಲ್ಕ, ಎಕ್ಸ್‌ಚೇಂಜ್ ಶುಲ್ಕಗಳನ್ನೆಲ್ಲ ಕೂಡಿಸಿದರೂ ಒಟ್ಟು ಖರ್ಚು 80 ರೂಪಾಯಿಯ ಆಸುಪಾಸಿನಲ್ಲಿರುತ್ತದೆ. ಡೆಲಿವರಿಯಲ್ಲಿ ಬ್ರೋಕರೇಜ್ ಇಲ್ಲದಿದ್ದರೂ ಅದೇ ಮೊತ್ತಕ್ಕೆ ಸುಮಾರು ಮೂರು ಪಟ್ಟು ತಗಲುತ್ತದೆ. ಆದರೆ ಡೆಲಿವರಿಯ ಖರ್ಚು ಐದಾರು ವರ್ಷಕ್ಕೊಮ್ಮೆ ಬರುವಂಥದು, ಇಂಟ್ರಾಡೇಯದು ದಿನಾ ಬರುವಂಥದು. ವರ್ಷಕ್ಕೆ ಸುಮಾರು 245 ದಿನ ಪೇಟೆ ತೆರೆದಿರುತ್ತದೆಂದು ಹಿಡಿದು, ದಿನಕ್ಕೆ ಒಂದೇ ಸಲ ಕೊಂಡು ಮಾರಿದರೂ, ಲಕ್ಷ ರೂಪಾಯಿಯ ಬಂಡವಾಳದಲ್ಲಿ ಇಪ್ಪತ್ತು ಸಾವಿರಕ್ಕೆ ಹತ್ತಿರದ ಮೊತ್ತ ಖರ್ಚಿಗೇ ಹೋಗುತ್ತದೆ. ಅಷ್ಟನ್ನು ಗಳಿಸಿದ ಮೇಲಷ್ಟೇ ನಮ್ಮ ಲಾಭ ಶುರುವಾಗುವುದು. ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿ 2024ರ ಜುಲೈಯಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2022–23ರಲ್ಲಿ ಇಂಟ್ರಾಡೇ ನಡೆಸಿದ ವ್ಯಕ್ತಿಗಳ ಪೈಕಿ ಹತ್ತರಲ್ಲಿ ಏಳು ಮಂದಿ ನಷ್ಟ ಅನುಭವಿಸಿದ್ದರು. ವರ್ಷಕ್ಕೆ 500ಕ್ಕಿಂತ ಹೆಚ್ಚು ಸಲ ವಹಿವಾಟು ಮಾಡಿದವರಲ್ಲಿ ಈ ಪಾಲು ಶೇ 80ಕ್ಕೆ ಏರಿತ್ತು. ನನ್ನ ಖಾತೆಯ ಲೆಕ್ಕ ನೋಡಿದವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಾರದು.

ತೆರಿಗೆಯಲ್ಲಿ ನಮ್ಮ ಕಡೆಯವರು ಗಮನಿಸದೆ ಬಿಡುವ ಒಂದು ಅಂಶವಿದೆ. ಷೇರನ್ನು ಒಂದು ವರ್ಷಕ್ಕಿಂತ ಹೆಚ್ಚು ಕಾಲ ಇಟ್ಟು ಮಾರಿದರೆ, 2024ರ ಜುಲೈ 23ರ ನಂತರದ ನಿಯಮದಂತೆ, ವರ್ಷದ 1.25 ಲಕ್ಷ ರೂಪಾಯಿ ದಾಟಿದ ಲಾಭಕ್ಕೆ ಮಾತ್ರ ಶೇ 12.5 ತೆರಿಗೆ, ವರ್ಷದೊಳಗೆ ಮಾರಿದರೆ ಶೇ 20. ಇಂಟ್ರಾಡೇ ಲಾಭವಾದರೋ ಸಟ್ಟಾ ವ್ಯವಹಾರದ, ಅಂದರೆ ಬೆಲೆಯ ಊಹೆಯ ಮೇಲೆ ನಡೆಸುವ ವ್ಯವಹಾರದ, ಆದಾಯವೆಂದು ಎಣಿಕೆಯಾಗಿ, ನಮ್ಮ ಇತರ ಆದಾಯದೊಂದಿಗೆ ಸೇರಿ ಆದಾಯ ಏರಿದಂತೆ ಏರುವ ಸ್ಲ್ಯಾಬಿನ ದರಕ್ಕೆ ಒಳಪಡುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲ ಎಂದು ನಿಶ್ಚಿಂತರಾಗಿರುವ ಬೆಳೆಗಾರರು ನೆನಪಿಡಬೇಕಾದುದು ಇಲ್ಲಿಯೇ: ಕೃಷಿಯೇತರ ಆದಾಯ ವಿನಾಯಿತಿಯ ಮಿತಿಯನ್ನು ದಾಟಿದಾಗ, ದರವನ್ನು ಗೊತ್ತುಮಾಡುವುದಕ್ಕಾಗಿ ಕೃಷಿ ಆದಾಯವನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ಕಾಫಿ ಚೆನ್ನಾಗಿ ಬಂದ ವರ್ಷವೇ ಇಂಟ್ರಾಡೇ ಲಾಭಕ್ಕೆ ಹೆಚ್ಚಿನ ದರ ಬೀಳಬಹುದು. ಇಂಟ್ರಾಡೇಯ ನಷ್ಟವನ್ನು ಸಟ್ಟಾ ಲಾಭದ ಎದುರಿಗಷ್ಟೇ, ಅದೂ ಮುಂದಿನ ನಾಲ್ಕು ವರ್ಷದೊಳಗೆ ಹೊಂದಿಸಿಕೊಳ್ಳಬೇಕು. ವ್ಯವಹಾರದ ಆದಾಯವಿರುವವರ ತೆರಿಗೆ ವಿವರದ ನಮೂನೆಯಾದ ಐಟಿಆರ್–3 ತುಂಬಿಸುವ ಆಡಿಟರ ಶುಲ್ಕ ಬೇರೆ.

ಸಮಯದ ಮಾತಿಗೆ ಬಂದರೆ, ಪೇಟೆ 9.15ಕ್ಕೆ ತೆರೆದು 3.30ಕ್ಕೆ ಮುಚ್ಚುವ ಅವಧಿಯೇ ತೋಟದಲ್ಲಿ ಆಳುಗಳ ಜೊತೆ ಇರಬೇಕಾದ ಹೊತ್ತೂ ಹೌದು. ಜೂನ್, ಜುಲೈ ತಿಂಗಳಲ್ಲಿ ಮಳೆ ಹಿಡಿದರೆ ಕರೆಂಟಿನ ಜೊತೆಗೆ ಮೊಬೈಲ್ ನೆಟ್‌ವರ್ಕೂ ಹೋಗುತ್ತದೆ. ಡೆಲಿವರಿ ಷೇರಿಗೆ ಅದರಿಂದ ಏನೂ ಆಗುವುದಿಲ್ಲ. ಇಂಟ್ರಾಡೇಯಲ್ಲಿ ಮಾತ್ರ ಸ್ಟಾಪ್‌ಲಾಸ್ (ಬೆಲೆ ಇಷ್ಟಕ್ಕಿಳಿದರೆ ಮಾರಿಬಿಡು ಎಂಬ ಆರ್ಡರ್) ಹಾಕಿಟ್ಟಿರದಿದ್ದರೆ, ಪೇಟೆ ಮುಚ್ಚುವ ಸ್ವಲ್ಪ ಮೊದಲು ಬ್ರೋಕರ್ ತಾನಾಗಿ ಮಾರಿ ಮುಗಿಸುವ ಬೆಲೆಗೆ ಒಪ್ಪಿಕೊಳ್ಳದೆ ಬೇರೆ ದಾರಿಯಿಲ್ಲ.

ಇಷ್ಟು ಹೇಳಿದ ಮೇಲೂ ಇಂಟ್ರಾಡೇಗೆ ಒಂದು ನಿಜವಾದ ಅನುಕೂಲವಿದೆಯೆಂದು ಒಪ್ಪಬೇಕು: ರಾತ್ರಿ ಬರುವ ಸುದ್ದಿಯ ಭಯ ಅದಕ್ಕಿಲ್ಲ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ ಶೇ 13ರಷ್ಟು ಕುಸಿದಾಗ ಪೆಟ್ಟು ತಿಂದದ್ದು ಷೇರು ಹಿಡಿದು ಕುಳಿತಿದ್ದವರೇ. 2024ರ ಜೂನ್ 4ರಂದು, ಲೋಕಸಭಾ ಚುನಾವಣೆಯ ಮತ ಎಣಿಕೆಯ ದಿನ, ಅದು 4,389 ಅಂಶ ಇಳಿದು, ಆ ವಾರದ ಕೊನೆಯೊಳಗೆ ಅಷ್ಟನ್ನೂ ತುಂಬಿಕೊಂಡಿತೆಂಬುದು ನಿಜವೇ. ಆದರೆ ಸೂಚ್ಯಂಕ ಚೇತರಿಸಿಕೊಂಡ ಮಾತ್ರಕ್ಕೆ ನಮ್ಮ ಕೈಯಲ್ಲಿರುವ ಕಂಪನಿಯೂ ಚೇತರಿಸಿಕೊಳ್ಳುತ್ತದೆಂಬ ಖಾತ್ರಿಯಿಲ್ಲ. ಗೃಹಸಾಲ ಕೊಡುತ್ತಿದ್ದ ಡಿಎಚ್‌ಎಫ್‌ಎಲ್ ಕಂಪನಿಯು ದಿವಾಳಿ ಪ್ರಕ್ರಿಯೆಯಲ್ಲಿ 2021ರಲ್ಲಿ ಬೇರೆಯವರ ಕೈಸೇರಿದಾಗ ಹಳೆಯ ಷೇರುದಾರರಿಗೆ ಬಿಡಿಗಾಸೂ ಸಿಗಲಿಲ್ಲ. ಕೊಂಡು ಮರೆತುಬಿಡಿ ಎಂದು ಉಪದೇಶಿಸುವವರು ಇಂಥ ಉದಾಹರಣೆಗಳನ್ನು ಎತ್ತುವುದೇ ಇಲ್ಲ. ಕಣದಲ್ಲಿ ಹರವಿದ ಕಾಫಿಯನ್ನು ಆಗಾಗ ಕೈಯಾಡಿಸಿ ನೋಡುವಂತೆ, ಇಟ್ಟುಕೊಂಡ ಷೇರಿನ ತ್ರೈಮಾಸಿಕ ಫಲಿತಾಂಶ, ಸಾಲದ ಪ್ರಮಾಣ, ಪ್ರವರ್ತಕರು ಅಡವಿಟ್ಟ ಷೇರಿನ ಪಾಲು, ಇಷ್ಟನ್ನಾದರೂ ನೋಡುತ್ತಿರಬೇಕಾಗುತ್ತದೆ. ಆ ಕೆಲಸವನ್ನು ಮಳೆ ಹಿಡಿದ ಒಂದು ಭಾನುವಾರ ಮನೆಯಲ್ಲಿ ಕುಳಿತು ಮಾಡಬಹುದೆಂಬುದೇ ನನ್ನಂಥವನಿಗೆ ಡೆಲಿವರಿ ಹೊಂದಿಕೊಳ್ಳಲು ಮುಖ್ಯ ಕಾರಣ. ಅಷ್ಟಕ್ಕೂ ಬಿಡುವಿಲ್ಲದವರಿಗೆ ಬಿಡಿ ಷೇರಿಗಿಂತ ನಿಫ್ಟಿ ಸೂಚ್ಯಂಕದ ಕಂಪನಿಗಳಲ್ಲೆಲ್ಲ ಹಣ ಹಂಚುವ ಇಂಡೆಕ್ಸ್ ಫಂಡ್ ಮೇಲೆಂದು ಹೇಳುತ್ತೇನೆ. ಇಂಟ್ರಾಡೇಯನ್ನು, ಹಗಲಿಡೀ ಪರದೆಯ ಮುಂದೆ ಕೂರಬಲ್ಲವರಿಗೂ, ಸಾಲದ ಹಣದಲ್ಲಿ ಮಾಡಿರೆಂದು ಹೇಳಲಾರೆ.