ಆಡುಸೋಗೆ: ಬೇಲಿಯ ಎಲೆಯೋ, ಪೊಟ್ಟಣದ ಪುಡಿಯೋ, ಬಾಟಲಿ ಸಿರಪ್ಪೋ?

ಮೊದಲೇ ಹೇಳಿಬಿಡುತ್ತೇನೆ, ಕೆಮ್ಮಿಗೆ ಆಡುಸೋಗೆ ಅಂದರೆ ನನ್ನ ಓಟು ಬೇಲಿಯ ಹಸಿ ಎಲೆಗೆ. ಉಳಿದೆರಡಕ್ಕೂ ದುಡ್ಡು ಕೊಟ್ಟು, ಕುಡಿದು, ಬೈದುಕೊಂಡ ಮೇಲೆ ಹೇಳುತ್ತಿದ್ದೇನೆ.

ಕಳೆದ ಜುಲೈ. ಶಿವಮೊಗ್ಗದಲ್ಲಿ ಜಡಿಮಳೆ ಹಿಡಿದು ವಾರ ಆಗಿತ್ತು. ನಾನು ವಿಜ್ಞಾನದ ಮೇಷ್ಟ್ರು, ದಿನಕ್ಕೆ ಐದು ಪೀರಿಯಡ್ಡು ಕೂಗಬೇಕು. ಕೆಮ್ಮು ಶುರುವಾಯಿತು. ಕಫ ಎದೆಯಲ್ಲಿ ಕೂತದ್ದು ಏಳಲೊಲ್ಲದು. ಅಮ್ಮನಿಗೆ ಫೋನ್ ಮಾಡಿದರೆ ಒಂದೇ ಮಾತು: "ಆಡುಸೋಗೆ ರಸ ಕುಡಿಯೋ ಮಾರಾಯ." ಅಮ್ಮ ಇರುವುದು ತೀರ್ಥಹಳ್ಳಿ ಹತ್ತಿರದ ಊರಲ್ಲಿ, ನಾನಿರುವುದು ಪೇಟೆಯ ಬಾಡಿಗೆ ಮನೆಯ ಮಹಡಿ ಮೇಲೆ. ಎಲೆ ಎಲ್ಲಿಂದ ತರಲಿ? ಗಾಂಧಿ ಬಜಾರಿನ ಒಂದು ಗ್ರಂಥಿಗೆ ಅಂಗಡಿಯಲ್ಲಿ ಪುಡಿ ಸಿಕ್ಕಿತು. ನೂರು ಗ್ರಾಂಗೆ 70 ರೂಪಾಯಿ. ಸುಲಭ ಆಯಿತಲ್ಲ ಅಂದುಕೊಂಡೆ.

ಜೇನಲ್ಲಿ ಕಲಸಿ ನೆಕ್ಕಿ ಅಂದಿದ್ದರು. ಕಲಸಿದೆ. ಮೇಲೆ ನೋಡಲು ಚೆನ್ನಾಗೇ ಇತ್ತು, ಒಳಗೆ ಮಾತ್ರ ಸಣ್ಣ ಸಣ್ಣ ಗಂಟು. ಬಾಯಿಗಿಟ್ಟಾಗ ಒಂದು ಗಂಟು ಒಡೆದು ಒಣ ಪುಡಿ ಸೀದಾ ಗಂಟಲಿಗೆ ಹಾರಿತು. ಆಮೇಲೆ ಬಂದ ಕೆಮ್ಮಿಗೆ ಕೆಳಗಿನ ಮನೆಯವರು ಮೆಟ್ಟಿಲು ಹತ್ತಿ ಬಂದರು. ಕೆಮ್ಮಿನ ಔಷಧಿಯಿಂದ ಕೆಮ್ಮು!

ಮರುದಿನ ಬಿಸಿನೀರಿಗೆ ಹಾಕಿದೆ. ಅರ್ಧ ಪುಡಿ ಮೇಲೆ ತೇಲಿತು, ಅರ್ಧ ತಳಕ್ಕೆ ಹೋಯಿತು. ಕದಡಿ ಬಾಯಿಗೆ ತರುವಷ್ಟರಲ್ಲಿ ಮತ್ತೆ ಹಾಗೇ. ಕೊನೆಯ ಗುಟುಕು ಕೆಸರು, ಹಲ್ಲಿಗೆ ಕರಕರ. ಟೀ ಸೋಸುವ ಜಾಲರಿಯಲ್ಲಿ ಸೋಸಿದರೆ ಪುಡಿ ಪೂರ್ತಿ ಇಳಿದುಹೋಯಿತು. ಬಟ್ಟೆಯಲ್ಲಿ ಸೋಸಿದರೆ ನೀರೇ ಇಳಿಯಲಿಲ್ಲ. ಆ ಬಟ್ಟೆ ಆಮೇಲೆ ಹಾಲು ಸೋಸಲೂ ಬರಲಿಲ್ಲ, ಮನೆಯವಳು ಅದನ್ನು ಇನ್ನೂ ಮರೆತಿಲ್ಲ. ಎರಡು ಲೋಟ ನೀರಿಗೆ ಹಾಕಿ ಅರ್ಧ ಲೋಟಕ್ಕೆ ಬತ್ತಿಸಿ, ತಿಳಿಯಾಗಲು ಬಿಟ್ಟು ಮೇಲಿನದನ್ನಷ್ಟೇ ಬಗ್ಗಿಸಿಕೊಂಡಾಗ ಪರವಾಗಿಲ್ಲ ಅನ್ನಿಸಿತು. ಆದರೆ ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯುವವನಿಗೆ ಅರ್ಧ ಗಂಟೆ ಕಷಾಯ ಕಾಯಿಸುವ ಪುರುಸೊತ್ತು ಇದ್ದಿದ್ದರೆ ಪುಡಿ ಯಾಕೆ ಕೊಳ್ಳುತ್ತಿದ್ದ?

ಇನ್ನೊಂದು ಅನುಮಾನವೂ ಕಾಡಿತು. ಪುಡಿ ಮಾಡಿದ ಮೇಲೆ ಅದು ಯಾವ ಎಲೆ ಅಂತ ಹೇಳುವವರು ಯಾರು? ಆಡುಸೋಗೆಗೆ ಬೇರೆ ಮರದ ಎಲೆ ಬೆರೆಸುವುದು ಹಳೇ ದೂರು. ಗಿಡವೇ ಕಣ್ಣ ಮುಂದಿದ್ದರೆ ಆ ತಾಪತ್ರಯ ಇಲ್ಲ. ಹೂ ಬಿಟ್ಟಾಗಂತೂ ಮಕ್ಕಳೂ ಗುರುತು ಹಿಡಿಯುತ್ತವೆ. ಬಿಳಿ ಹೂ, ಮೇಲೊಂದು ಕೆಳಗೊಂದು ತುಟಿ, ಕೆಳತುಟಿಯಲ್ಲಿ ನೇರಳೆ ಗೀರು. ಪಕ್ಕದಿಂದ ನೋಡಿದರೆ ಬಾಯಿ ತೆರೆದ ಸಿಂಹ. ಸಂಸ್ಕೃತದಲ್ಲಿ ಇದಕ್ಕೆ ಸಿಂಹಾಸ್ಯ ಅಂತಲೂ ಹೆಸರಿದೆ.

ಸಿರಪ್ಪಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. 120 ರೂಪಾಯಿ, ರುಚಿ ಚೆನ್ನಾಗಿದೆ, ಬ್ಯಾಗಲ್ಲಿ ಹಾಕಿಕೊಂಡು ಹೋಗಬಹುದು. ಆಡುಸೋಗೆ ಜೊತೆ ತುಳಸಿ, ಜೇಷ್ಠಮಧು ಎಲ್ಲ ಇರುತ್ತದೆ, ಎಲ್ಲಕ್ಕಿಂತ ಮುಂದೆ ಸಕ್ಕರೆ. ನಮ್ಮಪ್ಪನಿಗೆ ಶುಗರ್ ಇದೆ, ಅವರಿಗೆ ಕೊಡುವ ಹಾಗಿಲ್ಲ. ಮುಚ್ಚಳಕ್ಕೆ ಇರುವೆ.

ಭಾನುವಾರ ಊರಿಗೆ ಹೋದೆ. ಹಿತ್ತಿಲ ಬೇಲಿಯುದ್ದಕ್ಕೂ ಆಡುಸೋಗೆಯೇ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರಲ್ಲ, ಆಡುಗಳು ಇದನ್ನು ಮುಟ್ಟುವುದಿಲ್ಲ. ಬೇಲಿಗೆ ಹಾಕುವುದೂ ಅದಕ್ಕೇ. 1753ರಲ್ಲಿ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಜಸ್ಟೀಷಿಯ ಅಧಟೋಡ ಅನ್ನೋ ಹೆಸರಿನಲ್ಲೂ ತಮಿಳಿನ ಆಡಾತೋಡೈ, ಅಂದರೆ ಆಡು ಮುಟ್ಟದ್ದು, ಕೂತಿದೆ.

ನಾನು ಎಲೆ ಕಿತ್ತು ಒರಳಲ್ಲಿ ಜಜ್ಜತೊಡಗಿದೆ. ಎಷ್ಟು ಜಜ್ಜಿದರೂ ಚಟ್ನಿ, ರಸ ಇಲ್ಲ. ಅಮ್ಮ ನೋಡಿ ನಕ್ಕಳು: "ಹಸೀದು ಜಜ್ಜಿದ್ರೆ ಎಲ್ಲಿ ಬರುತ್ತೆ? ಬಾಡಿಸು ಮೊದ್ಲು." ಹತ್ತು ಎಲೆ ತೊಳೆದು, ಬಾಳೆಎಲೆಯಲ್ಲಿ ಸುತ್ತಿ, ಇಡ್ಲಿ ಪಾತ್ರೆಯ ಹಬೆಗಿಟ್ಟಳು. ಅವಳ ಅಮ್ಮ ಒಲೆಯ ಬಿಸಿಬೂದಿಯಲ್ಲಿ ಹೂಳುತ್ತಿದ್ದರಂತೆ. ಹತ್ತು ನಿಮಿಷಕ್ಕೆ ಎಲೆ ಮೆತ್ತಗಾಗಿ ಕಡು ಹಸಿರಾಯಿತು. ಹಿಂಡಿದರೆ ಬೆರಳ ಸಂದಿಯಿಂದ ರಸ ಧಾರೆಯಾಗಿ ಇಳಿಯಿತು. ಎರಡು ಚಮಚ ರಸ, ಆರಿದ ಮೇಲೆ ಒಂದು ಚಮಚ ಜೇನು. ಕಹಿ ಅಂದರೆ ಕಿವಿ ತನಕ ಕಹಿ. ಮೂರನೇ ದಿನಕ್ಕೆ ಕಫ ಸಡಿಲವಾಗಿ ಬರತೊಡಗಿತು. ಪುಡಿ ಕುಡಿದ ವಾರದಲ್ಲಿ ಇಷ್ಟು ಆಗಿರಲಿಲ್ಲ. ಕೆಮ್ಮು ತಾನಾಗಿಯೇ ಇಳಿಯುವ ಹೊತ್ತೂ ಆಗಿತ್ತೇನೋ, ಅದೂ ನಿಜ.

ಎಲೆಯಲ್ಲಿ ವ್ಯಾಸಿಸಿನ್ ಅಂತ ಒಂದು ಸಸ್ಯಕ್ಷಾರ (ಆಲ್ಕಲಾಯ್ಡ್) ಇದೆ. ಕಫ ತೆಳುವಾಗಲು ಡಾಕ್ಟರು ಕೊಡುವ ಬ್ರೋಮ್‌ಹೆಕ್ಸಿನ್ ಹುಟ್ಟಿದ್ದು ಅದರ ಜಾಡು ಹಿಡಿದೇ. ಹಾಗಂತ ಎಲ್ಲರಿಗೂ ಅಲ್ಲ. ಬಸುರಿಯರು ಇದನ್ನು ಕುಡಿಯಬಾರದು, ಗರ್ಭಕೋಶ ಹಿಂಡುವ ಗುಣ ಇದಕ್ಕಿದೆ. ಕೆಮ್ಮು ಎರಡು ವಾರ ದಾಟಿದರೆ ರಸ ಬಿಟ್ಟು ಕಫ ಪರೀಕ್ಷೆಗೆ ಹೋಗಬೇಕು, ನಾನೂ ಹೋಗುತ್ತಿದ್ದೆ.

ಈಗ ನನ್ನ ಲೆಕ್ಕ ಹೀಗೆ: ಊರಿಗೆ ಹೋದಾಗ ಒಂದು ಚೀಲ ಎಲೆ, ಫ್ರಿಜ್ಜಲ್ಲಿ ನಾಲ್ಕು ದಿನ ಬರುತ್ತದೆ. ರಾತ್ರಿ ಅನ್ನದ ಕುಕ್ಕರಿನ ಮೇಲೇ ಬಾಡಿಸಿಟ್ಟರೆ ಬೆಳಿಗ್ಗೆ ಹಿಂಡುವುದಷ್ಟೇ ಕೆಲಸ. ಖರ್ಚು ಜೇನಿನದು ಮಾತ್ರ. ಊರಲ್ಲಿ ಬೇಲಿ ಇಲ್ಲದವರು, ಸಕ್ಕರೆ ತೊಂದರೆ ಇಲ್ಲದಿದ್ದರೆ, ಸಿರಪ್ ತಗೊಳ್ಳಿ. ಪುಡಿ ಬೇಡ. ನನ್ನದು ಇನ್ನೂ ಮುಕ್ಕಾಲು ಪೊಟ್ಟಣ ಹಾಗೇ ಇದೆ.

ಅಮ್ಮ ಕೊಟ್ಟ ಮೂರು ಕಡ್ಡಿಯನ್ನು ಹಳೇ ಪೇಂಟ್ ಡಬ್ಬಿಯಲ್ಲಿ ನೆಟ್ಟಿದ್ದೆ. ತಳಕ್ಕೆ ತೂತು ಮಾಡಲು ಮರೆತು ಎರಡು ಕೊಳೆತವು. ಉಳಿದದ್ದು ನಾಲ್ಕು ಎಲೆ ಬಿಟ್ಟಿದೆ.