ಕೋಥ್ರೂಡ್‌ನಲ್ಲಿ ಎಡಿಎಚ್‌ಡಿ ಪರೀಕ್ಷೆ: 38ರಲ್ಲಿ ಸಿಕ್ಕ ಉತ್ತರ

ಲೈಟ್ ಬಿಲ್ ಕಟ್ಟಲು ಮರೆಯುವುದು, ಮೀಟಿಂಗ್‌ನಲ್ಲಿ ಕಾಲು ಅಲ್ಲಾಡಿಸುತ್ತಲೇ ಇರುವುದು, ಹಿಡಿದ ಕೆಲಸ ಅರ್ಧಕ್ಕೆ ಬಿಡುವುದು. ಇದೆಲ್ಲ ಸೋಮಾರಿತನ ಅಂತಲೇ ನಂಬಿದ್ದೆ, ಎಡಿಎಚ್‌ಡಿ, ಅಂದರೆ ಗಮನ ನಿಲ್ಲದ, ಚಡಪಡಿಕೆಯ ತೊಂದರೆ ಇರಬಹುದು ಅಂತ ಗೊತ್ತಿರಲಿಲ್ಲ. ಕೊನೆಗೆ ಹೆಂಡತಿಯೇ ಪುಣೆಯ ಕೋಥ್ರೂಡ್‌ನಲ್ಲಿ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು.

ಇಲ್ಲಿ ಅವಸರವೇ ಇಲ್ಲ. ಮೊದಲು ವಿಶ್ವ ಆರೋಗ್ಯ ಸಂಸ್ಥೆಯ 18 ಪ್ರಶ್ನೆಗಳ ಹಾಳೆ ತುಂಬಿಸಿದರು, ಆದರೆ ಅದೊಂದನ್ನೇ ನೋಡಿ ಎಡಿಎಚ್‌ಡಿ ಅಂತ ಹೇಳಲಿಲ್ಲ. 12 ವರ್ಷಕ್ಕೆ ಮೊದಲೇ ಲಕ್ಷಣ ಇತ್ತಾ ಅನ್ನುವುದು ತುಂಬಾ ಮುಖ್ಯ, ಅದಕ್ಕೆ ಧಾರವಾಡದಲ್ಲಿರುವ ನಮ್ಮ ಅವ್ವನಿಗೆ ಅಲ್ಲಿಂದಲೇ ಫೋನ್ ಹಚ್ಚಿದೆವು. "ಒಂದ್ ಕಡೆ ಕುಂತವನೇ ಅಲ್ರೀ, ವಾರಕ್ಕೊಂದ್ ಪೆನ್ಸಿಲ್ ಕಳೀತಿದ್ದ" ಅಂದಳು ಅವ್ವ. ಹೆಂಡತಿ ಅದನ್ನು ಮರಾಠಿಯಲ್ಲಿ ಹೇಳುವಾಗ ನನಗೆ ಕಣ್ಣೀರೇ ಬಂತು. ಥೈರಾಯ್ಡ್, ನಿದ್ದೆ, ಆತಂಕದ ತೊಂದರೆಯೂ ಹೀಗೇ ಕಾಣಬಹುದು ಅಂತ ಅದನ್ನೂ ವಿಚಾರಿಸಿದರು.

ಎಡಿಎಚ್‌ಡಿ ಅಂತ ಖಚಿತವಾದ ಮೇಲೆ ಅದಕ್ಕೆ ಕೊಡುವ ಮೀಥೈಲ್‌ಫೆನಿಡೇಟ್ ಮಾತ್ರೆ ಕಡಿಮೆ ಡೋಸಿನಿಂದ ಶುರುವಾಯಿತು. ಹೋದಾಗಲೆಲ್ಲ ಬಿಪಿ ನೋಡುತ್ತಾರೆ. ಚೀಟಿ ಇಲ್ಲದೆ ಈ ಮಾತ್ರೆ ಕೊಡುವಂತಿಲ್ಲ, ಎಲ್ಲ ಮೆಡಿಕಲ್‌ನಲ್ಲೂ ಸಿಗುವುದೂ ಇಲ್ಲ, ಮುಗಿಯುವ ಮೊದಲೇ ಹುಡುಕಿ. ಜೊತೆಗೆ ಕೌನ್ಸೆಲಿಂಗ್ ಇದೆ. ದೊಡ್ಡ ಕೆಲಸವನ್ನು 20 ನಿಮಿಷದ ತುಂಡು ಮಾಡುವುದು, ಗಾಡಿ ಕೀ, ಪರ್ಸ್ ಎಲ್ಲಾ ಬಾಗಿಲ ಹತ್ತಿರದ ಒಂದೇ ಬುಟ್ಟಿಗೆ ಹಾಕುವುದು. ಈ ಬುಟ್ಟಿಯಿಂದಲೇ ನಮ್ಮ ಮನೆಯ ಬೆಳಗಿನ ಜಗಳ ಎಷ್ಟೋ ಕಡಿಮೆಯಾಗಿದೆ.

ಬೇಸರ ಒಂದೇ. ಅಪಾಯಿಂಟ್‌ಮೆಂಟ್‌ಗೆ 3 ವಾರ ಕಾಯಬೇಕು, ನೆನಪಿಸುವ ಮೆಸೇಜೂ ಬರಲ್ಲ. ಮರೆವಿಗೆ ಅಂತ ಬರುವವರಿಗೆ ಅದು ಬೇಕೇ ಬೇಕು, ಅಲ್ವಾ? ಕೇಳಿದ್ದೇನೆ, ಶುರು ಮಾಡುತ್ತೇವೆ ಅಂದಿದ್ದಾರೆ.