ಬೀಜಿಂಗ್‌ನಲ್ಲಿ ‘ಹಳೇ’ ನೀಲಿ ತಟ್ಟೆ ಕೊಳ್ಳೋರೇ, ಸ್ವಲ್ಪ ನಿಲ್ಲಿ

ಬರೆಯೋಕೇ ನಾಚಿಕೆ ಆಗುತ್ತಿದೆ. ಆದರೂ ಬರೆಯುತ್ತೇನೆ, ನಮ್ಮವರು ಇನ್ನೊಬ್ಬರು ಅಲ್ಲಿ ಹೋಗಿ ಬೀಳಬಾರದು.

ಆಫೀಸ್ ಕೆಲಸಕ್ಕೆ ಬೀಜಿಂಗ್‌ಗೆ ಹೋಗಿದ್ದೆ. ಭಾನುವಾರ ಹಳೇ ಸಾಮಾನಿನ ಸಂತೆ. ನೆಲದ ಮೇಲೆ ಬಟ್ಟೆ ಹಾಸಿ ಕೂತವನ ಹತ್ತಿರ ಒಂದು ಪಿಂಗಾಣಿ ತಟ್ಟೆ. ಬಿಳಿ ಮೇಲೆ ನೀಲಿ. ಪ್ಲಮ್ ಕೊಂಬೆ, ಹೂವು, ಎರಡು ಮ್ಯಾಗ್‌ಪೈ ಹಕ್ಕಿ. ಅಡಿಯಲ್ಲಿ ಕಾಂಗ್‌ಷಿ ಚಕ್ರವರ್ತಿಯ ಆರಕ್ಷರದ ಮುದ್ರೆ. ಅಂದರೆ 1662ರಿಂದ 1722ರ ನಡುವಿನದು! ಪಿಂಗಾಣಿಗೆ ಹೆಸರಾದ ಜಿಂಗ್‌ಡೆಜೆನ್ ಊರಿನದು, ಅಜ್ಜಿ ಮನೆಯಿಂದ ಬಂದದ್ದು ಅಂದ. 6,000 ಯುವಾನ್ ಅಂದವನು 2,800ಕ್ಕೆ ಇಳಿದ. ನಮ್ಮ ದುಡ್ಡಲ್ಲಿ 30 ಸಾವಿರಕ್ಕೂ ಜಾಸ್ತಿ. ಚೌಕಾಸಿ ಮಾಡಿ ಗೆದ್ದೆ ಅಂತ ಬೀಗಿದೆ. ದಡ್ಡ ನಾನು.

ರೂಮಿಗೆ ಬಂದು ಒದ್ದೆ ಬಟ್ಟೆಯಲ್ಲಿ ಒರೆಸಿದೆ. ತಳದ ಅಂಚಿನ ಕಂದು ಬಣ್ಣ ಬಟ್ಟೆಗೆ ಬಂತು. ಮುನ್ನೂರು ವರ್ಷದ ಕೊಳೆ ಒಂದೇ ಸಲಕ್ಕೆ ಹೋಗುತ್ತಾ? ಟೀ ಡಿಕಾಕ್ಷನ್ನೋ ಕೆಸರೋ ಬಳಿದಿದ್ದಾರೆ. ಕೆಳಗೆ ಬೆಳ್ಳಗೆ, ನಿನ್ನೆ ಸುಟ್ಟ ಹಾಗೆ. ಆಗಲೂ ಮನಸ್ಸು ಒಪ್ಪಲಿಲ್ಲ. ಮುಂದಿನ ಶನಿವಾರ ಮತ್ತೆ ಹೋದೆ. ನಾಲ್ಕು ಅಂಗಡಿ ಆಚೆ ಅದೇ ತಟ್ಟೆ. ಅದೇ ಎರಡು ಹಕ್ಕಿ. ನನ್ನದರಲ್ಲಿ ಎಡಗಡೆ ಹಕ್ಕಿಯ ಬಾಲದ ಗೆರೆ ಒಂದು ಕಡೆ ತುಂಡಾಗಿತ್ತು. ಇಲ್ಲೂ ಅಲ್ಲೇ ತುಂಡು! ಕೈಯಲ್ಲಿ ಬರೆದದ್ದೇ ಅಲ್ಲ, ಅಚ್ಚು. ಹೊಟ್ಟೆ ಚುರ್ ಅಂತು.

ನನಗೆ ಮಾರಿದವನ ಹತ್ತಿರ ಹೋದೆ. ಫೋನಿನ ಅನುವಾದದಲ್ಲೇ ಜಗಳ. “ನಾನು ಕಾಂಗ್‌ಷಿ ಅಂದೆನಾ? ಹಳೇದು ಅಂದೆ.” ಅಜ್ಜಿ ಕಥೆ? “ಅಜ್ಜಿ ಕೊಂಡದ್ದೇ. ಯಾವಾಗ ಅಂತ ಕೇಳಿದ್ರಾ?” ದುಡ್ಡು ವಾಪಸ್ ಕೊಡಿ ಅಂದರೆ, “ನೋಡಿದ್ದು ನೀವು, ಕೊಂಡದ್ದು ನೀವು.” ನಕ್ಕ ಬೇರೆ. ಕೊನೇ ಮಾತು ಇನ್ನೂ ಚುಚ್ಚುತ್ತಿದೆ: “ಅಸಲಿ ಆಗಿದ್ರೆ ವಿಮಾನದಲ್ಲಿ ಒಯ್ಯೋಕೆ ಬಿಡ್ತಿದ್ರಾ?”

ಅದೂ ನಿಜವೇ. 1911ಕ್ಕಿಂತ ಹಿಂದಿನ ವಸ್ತುವನ್ನು ಚೀನಾದಿಂದ ಆಚೆ ಒಯ್ಯೋಕೆ ಬಿಡುವುದಿಲ್ಲ, 2007ರಿಂದ ಇದೇ ನಿಯಮ. ಮಾರುವಾಗ “ಕಸ್ಟಮ್ಸ್ ತೊಂದ್ರೆ ಇಲ್ಲ” ಅಂದವನೂ ಇವನೇ. ಆಗಲೇ ಹೊಳೆಯಬೇಕಿತ್ತು, ಅಲ್ವಾ!

ಮುದ್ರೆ ನಂಬಲೇಬೇಡಿ. 19ನೇ ಶತಮಾನದಲ್ಲೇ ಹೊಸ ಪಿಂಗಾಣಿಗೆ ಕಾಂಗ್‌ಷಿ ಮುದ್ರೆ ಹಾಕುತ್ತಿದ್ದರು, ಈಗಿನವರು ಬಿಡುತ್ತಾರಾ? ತಳ ಒರೆಸಿ ನೋಡಿ. ಸುತ್ತ ನಾಲ್ಕು ಅಂಗಡಿ ನೋಡಿ. ಅಜ್ಜಿ ಅಂದ ತಕ್ಷಣ ಎದ್ದು ಬನ್ನಿ.

ತಟ್ಟೆ ಈಗ ಊರಲ್ಲಿದೆ. ಅಮ್ಮನಿಗೆ ಮುನ್ನೂರು ರೂಪಾಯಿ ಅಂದಿದ್ದೇನೆ. “ಅಷ್ಟೊಂದಾ?” ಅಂದರು.